ಸಿಕಂದರಾಬಾದಿನ ವೀರುಲ ಸೈನಿಕ ಸ್ಮಾರಕ

ವೀರುಲ ಸೈನಿಕ ಸ್ಮಾರಕ ಇರುವುದು ಸಿಕಂದರಾಬಾದಿನ ಪರೇಡ್ ಗ್ರೌಂಡಿನಲ್ಲಿ. ತಾರ್ನಾಕದಲ್ಲಿ ಮೆಟ್ರೊ ಹತ್ತಿದವರಿಗೆ ಮೆಟ್ಟುಗುಡ, ಸಿಕಂದರಾಬಾದ್ ಈಸ್ಟ್ ದಾಟಿದರೆ ಮೂರನೆಯದೇ ಪರೇಡ್ ಗ್ರೌಂಡ್ ನಿಲ್ದಾಣ. ಯುದ್ಧದಲ್ಲಿ ಮಡಿದ ಯೋಧರಿಗೆ ಹೈದರಾಬಾದ್-ಸಿಕಂದರಾಬಾದ್ ಅವಳಿ ನಗರ ಗೌರವ ಸಲ್ಲಿಸುವುದು ಇಲ್ಲಿಯೇ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಸೇನೆಯ ಅಧಿಕಾರಿಗಳೂ ನಿವೃತ್ತ ಸೈನಿಕರೂ ಇಲ್ಲಿ ಸೇರುತ್ತಾರೆ. ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಮುಖ್ಯಮಂತ್ರಿಗಳು ಮೊದಲು ಇಲ್ಲಿ ಪುಷ್ಪಗುಚ್ಛವಿರಿಸಿ, ಅನಂತರ ಧ್ವಜಾರೋಹಣಕ್ಕೆ ಗೋಲ್ಕೊಂಡ ಕೋಟೆಗೆ ಹೋಗುವುದು ತೆಲಂಗಾಣದಲ್ಲಿ ರೂಢಿಯಾಗಿದೆ. ವಿಧಾನಸಭೆಯ ಎದುರಿನ ಗನ್ ಪಾರ್ಕಿನ ಅಮರವೀರುಲ ಸ್ತೂಪ ಬೇರೆ. ಅದು 1969ರ ತೆಲಂಗಾಣ ಚಳವಳಿಯಲ್ಲಿ ಪ್ರಾಣ ತೆತ್ತವರದು.

ಸ್ಮಾರಕಕ್ಕೆ ಈ ಜಾಗ ಸಹಜವಾಗಿಯೇ ಒಪ್ಪುತ್ತದೆ, ಏಕೆಂದರೆ ಸಿಕಂದರಾಬಾದ್ ಹುಟ್ಟಿದ್ದೇ ದಂಡಿನ ಊರಾಗಿ. 1798ರ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಹುಸೇನ್ ಸಾಗರದ ಉತ್ತರಕ್ಕೆ ಬೀಡುಬಿಟ್ಟವು. 1806ರಲ್ಲಿ ಆ ಬೀಡಿಗೆ ನಿಜಾಮ ಸಿಕಂದರ್ ಜಾಹನ ಹೆಸರು ಬಂತು.

ಇಲ್ಲಿ ಬೆಳೆದ ಪಡೆಗಳ ಕಥೆ ಮಾತ್ರ ದೂರದೂರಕ್ಕೆ ಹರಿದುಹೋಗಿದೆ. ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ ಬ್ರಿಗೇಡು ಹೈದರಾಬಾದ್ ಕಂಟಿಂಜೆಂಟಿನೊಳಗೆ ಸೇರಿತು. ಆ ಪರಂಪರೆ 19ನೇ ಹೈದರಾಬಾದ್ ರೆಜಿಮೆಂಟಾಗಿ ಮುಂದುವರಿದು, 1945ರಲ್ಲಿ ಕುಮಾಊಂ ರೆಜಿಮೆಂಟ್ ಎಂದು ಹೆಸರು ಬದಲಿಸಿಕೊಂಡಿತು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ ಮಡಿದು ಮೊಟ್ಟಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ ಸೇನೆಗೆ ಸೇರಿದ್ದು ಹೈದರಾಬಾದ್ ರೆಜಿಮೆಂಟಿನ ಅಧಿಕಾರಿಯಾಗಿ. ಹೈದರಾಬಾದಿನ ಶಾಲಾ ಪಾಠಗಳಲ್ಲಿ ಎದ್ದು ಕಾಣಬೇಕಾದ ಸಂಗತಿಯಿದು.

ನಿಜಾಮರ ಅಶ್ವದಳ ಹೈದರಾಬಾದ್ ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಮೈಸೂರು ಮತ್ತು ಜೋಧಪುರದ ಸವಾರರೊಂದಿಗೆ ಒಂದೇ ಬ್ರಿಗೇಡಿನಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾಕ್ಕೆ ನುಗ್ಗಿದ್ದು ಮೈಸೂರು, ಜೋಧಪುರದ ದಳಗಳು; ಆದರೆ ಇಡೀ ಬ್ರಿಗೇಡಿನ ನೆನಪಿಗೆ ಲೆನಾರ್ಡ್ ಜೆನಿಂಗ್ಸ್ ಕಡೆದ ದಿಲ್ಲಿಯ ತೀನ್ ಮೂರ್ತಿಯಲ್ಲಿ ಮೂರೂ ಸಂಸ್ಥಾನಗಳ ಯೋಧರಿದ್ದಾರೆ. ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಪ್ರತ್ಯೇಕ ಸ್ಮಾರಕವೂ ಇದೆ. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ, ತೀನ್ ಮೂರ್ತಿಯ ಮೂವರಲ್ಲಿ ಇಬ್ಬರು ಕನ್ನಡ ನಾಡಿನ ಚರಿತ್ರೆಗೂ ಸೇರಿದವರು.

ಸ್ವತಂತ್ರ ಭಾರತದ ಯುದ್ಧಗಳು ತಾರ್ನಾಕದ ನೆರೆಯನ್ನೂ ಮುಟ್ಟಿವೆ. ಮಗ್ಗುಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಹೈದರಾಬಾದಿನ ಮೇಜರ್ ಪದ್ಮಪಾಣಿ ಆಚಾರ್ಯ, 2 ರಜಪುತಾನಾ ರೈಫಲ್ಸ್‌ನ ಅಧಿಕಾರಿಯಾಗಿ 1999ರ ಜೂನ್ 28ರಂದು ಕಾರ್ಗಿಲ್ ಯುದ್ಧದ ದ್ರಾಸ್ ವಲಯದಲ್ಲಿ ಹುತಾತ್ಮರಾದರು. ಗುಂಡೇಟು ತಿಂದ ಮೇಲೂ ತುಕಡಿಯನ್ನು ಮುನ್ನಡೆಸಿದ್ದಕ್ಕೆ ಮರಣೋತ್ತರ ಮಹಾವೀರ ಚಕ್ರ ಬಂತು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಮಡಿದ, 16 ಬಿಹಾರ್ ಪಡೆಯ ದಂಡನಾಯಕ ಕರ್ನಲ್ ಸಂತೋಷ್ ಬಾಬು ಅವರಿಗೂ ಅದೇ ಗೌರವ ಸಂದಿದೆ. ಅವರ ಪ್ರತಿಮೆಯನ್ನು ಹುಟ್ಟೂರು ಸೂರ್ಯಾಪೇಟೆಯಲ್ಲಿ ಮರುವರ್ಷ ನಿಲ್ಲಿಸಲಾಯಿತು.