ಏಟ್ರಿಯಲ್ ಫಿಬ್ರಿಲೇಷನ್ ಚಿಕಿತ್ಸೆಯ ಇತಿಹಾಸದಲ್ಲಿ ಮಹಿಳೆಯರು

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು ಅಡ್ಡಾದಿಡ್ಡಿ ಅದುರತೊಡಗಿದರೆ ಅದು ಏಟ್ರಿಯಲ್ ಫಿಬ್ರಿಲೇಷನ್. ನಾಡಿ ಲಯ ತಪ್ಪುತ್ತದೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಲಕ್ವ ಹೊಡೆಯುತ್ತದೆ. ಈ ಕಾಯಿಲೆಯನ್ನು ಗುರುತಿಸುವ ದಾರಿಯಲ್ಲಿ ಮಹಿಳೆಯರು ಮತ್ತೆ ಮತ್ತೆ ಎದುರಾಗುತ್ತಾರೆ. ಔಷಧಗಳ ಗುಣದೋಷ ಅಳೆಯುವ ಕಾಲಕ್ಕೆ ಮಾತ್ರ ಅವರ ಸಂಖ್ಯೆ ಕುಗ್ಗುತ್ತದೆ. ಇದರ ಪರಿಣಾಮ ಇಂದಿನ ಚಿಕಿತ್ಸೆಯಲ್ಲೂ ಉಳಿದಿದೆ ಎಂಬುದು ನನ್ನ ವಾದ.

ಈ ಕಾಯಿಲೆಯ ಹಳೆಯ ಔಷಧ ಡಿಜಿಟ್ಯಾಲಿಸ್ ಒಬ್ಬ ವೃದ್ಧೆಯ ಮನೆಮದ್ದಿನಿಂದ ಬಂತು. ಮೈಯಲ್ಲಿ ನೀರು ತುಂಬಿ ಊದಿಕೊಂಡವರಿಗೆ ಇಂಗ್ಲೆಂಡಿನ ಶ್ರಾಪ್‌ಶೈರಿನ ಆಕೆ ಗುಟ್ಟಾಗಿ ಕೊಡುತ್ತಿದ್ದ ಗಿಡಮೂಲಿಕೆಗಳ ಮಿಶ್ರಣದ ಬಗ್ಗೆ 1775ರಲ್ಲಿ ವೈದ್ಯ ವಿಲಿಯಂ ವಿದರಿಂಗ್ ಅವರ ಅಭಿಪ್ರಾಯ ಕೇಳಲಾಯಿತು. ಅದರಲ್ಲಿ ಗುಣ ಕೊಡುತ್ತಿರುವುದು ಡಿಜಿಟ್ಯಾಲಿಸ್‌ನ ಮೂಲವಾದ ಫಾಕ್ಸ್‌ಗ್ಲವ್ ಗಿಡವೆಂದು ಕಂಡುಕೊಂಡ ವಿದರಿಂಗ್ 1785ರಲ್ಲಿ ಪುಸ್ತಕ ಪ್ರಕಟಿಸಿದರು. ಆಕೆಯ ಹೆಸರನ್ನು ಅವರು ಬರೆದಿಡಲಿಲ್ಲ. ‘ಮದರ್ ಹಟನ್’ ಎಂಬ ಪ್ರಸಿದ್ಧ ಹೆಸರು 20ನೆಯ ಶತಮಾನದ ಔಷಧ ಜಾಹೀರಾತಿನಿಂದ ಬಂದದ್ದು. ಅದನ್ನು ಇತಿಹಾಸವೆಂದು ಉಲ್ಲೇಖಿಸುವುದನ್ನು ನಾವು ನಿಲ್ಲಿಸಬೇಕು.

ರೋಗದ ಸ್ವರೂಪ ತಿಳಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಬರ್ನ್‌ಲಿ ಪಟ್ಟಣದ ವೈದ್ಯ ಜೇಮ್ಸ್ ಮೆಕೆಂಜಿ, ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದ ಮಹಿಳೆಯೊಬ್ಬರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. 1898ರಲ್ಲಿ ಆಕೆಯ ನಾಡಿ ಲಯ ತಪ್ಪಿತು. ಕುತ್ತಿಗೆಯ ಅಭಿಧಮನಿಯ ಬಡಿತವನ್ನು ಕಾಗದದ ಮೇಲೆ ಮೂಡಿಸಿ ನೋಡಿದರೆ, ಹೃತ್ಕರ್ಣದ ಸಂಕೋಚನವನ್ನು ತೋರಿಸುವ ಅಲೆಯೇ ಅಲ್ಲಿರಲಿಲ್ಲ. ಒಬ್ಬರೇ ರೋಗಿಯನ್ನು ಅಷ್ಟು ಕಾಲ ಬಿಡದೆ ಗಮನಿಸಿದ್ದರಿಂದಲೇ ಹಿಂದಿನದಕ್ಕೂ ಇಂದಿನದಕ್ಕೂ ಇರುವ ಈ ವ್ಯತ್ಯಾಸ ಕಣ್ಣಿಗೆ ಬಿತ್ತು. ಸಂಶೋಧಕರಾದ ಆರ್ಥರ್ ಕುಶ್ನಿ ಮತ್ತು ಎಡ್ಮಂಡ್ಸ್ 1907ರಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಲಯ ತಪ್ಪಿದ್ದ ಮಹಿಳೆಯೊಬ್ಬರ ನಾಡಿಯನ್ನು ಪ್ರಯೋಗದ ನಾಯಿಗಳಲ್ಲಿ ಕಂಡ ಹೃತ್ಕರ್ಣದ ಅದುರುವಿಕೆಯೊಂದಿಗೆ ಹೋಲಿಸಿದರು. 1909ರಲ್ಲಿ ವೈದ್ಯ ಥಾಮಸ್ ಲೂಯಿಸ್ ಇಸಿಜಿಯ ನೆರವಿನಿಂದ, ಇದು ಸಾಮಾನ್ಯವಾಗಿ ಕಾಣುವ ಕಾಯಿಲೆ ಎಂದು ತೋರಿಸಿಕೊಟ್ಟರು.

ಈಗ ಪ್ರಯೋಗಗಳ ಕಾಲಕ್ಕೆ ಬರೋಣ. ರಕ್ತ ತೆಳುಮಾಡುವ ವಾರ್ಫರಿನ್ ಲಕ್ವ ತಡೆಯುತ್ತದೆಯೇ ಎಂದು ಪರೀಕ್ಷಿಸಿದ ಆರಂಭದ ಪ್ರಯೋಗಗಳಲ್ಲಿ ಒಂದು 1992ರಲ್ಲಿ ಪ್ರಕಟವಾಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಅದರಲ್ಲಿ ಇದ್ದವರೆಲ್ಲ ಗಂಡಸರು. ಡಿಜಿಟ್ಯಾಲಿಸ್ ವರ್ಗದ ಔಷಧ ಡಿಗಾಕ್ಸಿನ್ ಕುರಿತ 1997ರ ದೊಡ್ಡ ಪ್ರಯೋಗದ 6,800 ರೋಗಿಗಳಲ್ಲಿ ಮಹಿಳೆಯರು ಸುಮಾರು ಶೇಕಡ 22 ಮಾತ್ರ. ಅವರ ಅಂಕಿಅಂಶವನ್ನು 2002ರಲ್ಲಿ ಬೇರ್ಪಡಿಸಿ ನೋಡಿದಾಗ, ಡಿಗಾಕ್ಸಿನ್ ಪಡೆದವರಲ್ಲಿ ಶೇಕಡ 33.1, ಪಡೆಯದವರಲ್ಲಿ ಶೇಕಡ 28.9 ಮಂದಿ ಸತ್ತಿದ್ದರು. ಇವರು ಹೃದಯ ವೈಫಲ್ಯ ಇದ್ದರೂ ಲಯ ಸರಿಯಿದ್ದವರು. ಆದ್ದರಿಂದ ಈ ಫಲಿತಾಂಶವನ್ನು ಏಟ್ರಿಯಲ್ ಫಿಬ್ರಿಲೇಷನ್‌ಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ವೃದ್ಧೆಯೊಬ್ಬಳಿಂದ ಬಂದ ಔಷಧವನ್ನು ಹೆಣ್ಣಿನ ದೇಹದಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಲು ಇನ್ನೂರು ವರ್ಷ ಹಿಡಿಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಭಾರತದ ಮಟ್ಟಿಗೆ ಇನ್ನೂ ದೊಡ್ಡ ಕೊರತೆ ಬೇರೆಡೆ ಇತ್ತು. ಇಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕೆಟ್ಟು, ನಡುವಯಸ್ಸಿಗೇ ಲಯ ತಪ್ಪುವವರಲ್ಲಿ ಮಹಿಳೆಯರೇ ಹೆಚ್ಚು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಬಲೂನ್ ಚಿಕಿತ್ಸೆಯಿಂದ ಕವಾಟ ಹಿಗ್ಗಿಸಿಕೊಳ್ಳಲು ಬರುವ ರೋಗಿಗಳನ್ನು ನೆನೆದರೆ ಸಾಕು. ರಕ್ತ ತೆಳುಮಾಡುವ ಹೊಸ ಮಾತ್ರೆಗಳ, 2009ರಿಂದ ಪ್ರಕಟವಾದ ಮುಖ್ಯ ಪ್ರಯೋಗಗಳು ಮೈಟ್ರಲ್ ಕವಾಟ ಗಮನಾರ್ಹವಾಗಿ ಕಿರಿದಾದವರನ್ನು ಸೇರಿಸಿಕೊಳ್ಳಲೇ ಇಲ್ಲ. ಭಾರತವೂ ಪಾಲ್ಗೊಂಡ ಇನ್ವಿಕ್ಟಸ್ ಪ್ರಯೋಗ 2022ರಲ್ಲಿ ಈ ಕೊರತೆ ತುಂಬಿತು: ಸುಮಾರು 4,500 ರೋಗಿಗಳು, ಸರಾಸರಿ ವಯಸ್ಸು 50, ಮಹಿಳೆಯರು ಶೇಕಡ 72. ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಮಾತ್ರೆಗಳನ್ನು ನುಂಗಿದವರಲ್ಲೇ ಸಾವು ಕಡಿಮೆಯಾಗಿತ್ತು, ರಕ್ತಸ್ರಾವವೇನೂ ಹೆಚ್ಚಿರಲಿಲ್ಲ.

ಹಳೆಯ ಮಾತ್ರೆಯೆಂದರೆ ರಕ್ತ ಹೆಪ್ಪುಗಟ್ಟುವ ವೇಗ ಅಳೆಯಲು ಆಗಾಗ ಐಎನ್‌ಆರ್ ರಕ್ತಪರೀಕ್ಷೆ, ಊಟದ ಸೊಪ್ಪಿನಲ್ಲೂ ಏರುಪೇರಾಗದಂಥ ಎಚ್ಚರ. ಹೆರುವ ವಯಸ್ಸಿನವರಿಗೆ ಇನ್ನೊಂದು ಕಷ್ಟ: ಗರ್ಭದ 6ರಿಂದ 12ನೆಯ ವಾರದವರೆಗೆ ವಾರ್ಫರಿನ್ ಶಿಶುವಿನ ಅಂಗರಚನೆ ಕೆಡಿಸಬಲ್ಲದು. ಗರ್ಭಿಣಿಯರಿಗೆ ಹೊಸ ಮಾತ್ರೆಗಳನ್ನೂ ಕೊಡುವುದಿಲ್ಲ. ಆ ವಾರಗಳಲ್ಲಿ ಸಾಮಾನ್ಯವಾಗಿ ಆಸರೆಯಾಗುವುದು ದಿನವೂ ಚುಚ್ಚಿಕೊಳ್ಳಬೇಕಾದ ಹೆಪಾರಿನ್. ಹೀಗಾಗಿ ತಾಯಿಯಾಗಬೇಕೆನ್ನುವ ರೋಗಿಯೊಂದಿಗೆ ಔಷಧದ ಮಾತುಕತೆ ಗರ್ಭ ನಿಲ್ಲುವ ಮೊದಲೇ ನಡೆಯಬೇಕಾಗುತ್ತದೆ.