ದಿನದ ಬಾಳ್ವಿದೂ ಒಂದು ಫೋಟೋ ಬೇಕು

1930ರ ದಶಕದಾಗ ಅಮೆರಿಕದ ಹಳ್ಳಿಯೊಳಗ ಬರ, ಸಾಲ, ಬಡತನ. ರೈತರ ಪರಿಸ್ಥಿತಿ ದೇಶಕ್ಕ ತೋರಸ್ಲಿಕ್ಕೆ ಸರಕಾರನ ಫೋಟೋ ತೆಗಿಯೋರನ್ನ ಕಳಿಸ್ತು. ಅವರಾಗ ರಸೆಲ್ ಲೀ ಒಬ್ಬ.

1939ರ ಆಗಸ್ಟ್‌ನಾಗ ಅವ ಕಾನ್ಸಾಸ್ ರಾಜ್ಯದ ಸಿಮರಾನ್ ಊರಿನ 4-ಎಚ್ ಮೇಳಕ್ಕ ಹೋದ. 4-ಎಚ್ ಅಂದ್ರ ಹಳ್ಳಿ ಹುಡುಗ-ಹುಡುಗಿಯರ ಸಂಘ. ತಲಿ, ಹೃದಯ, ಕೈ, ಆರೋಗ್ಯ, ಈ ನಾಲ್ಕಕ್ಕೂ ಇಂಗ್ಲಿಷಿನಾಗ ಮೊದಲ ಅಕ್ಷರ ಎಚ್. ಇಂಥ ಮೇಳದಾಗ ಮಕ್ಕಳು ತಾವ ಮೇವು ಹಾಕಿ, ಮೈ ತಿಕ್ಕಿ ಬೆಳೆಸಿದ ದನ, ಕುರಿ ತಂದು ಪರೀಕ್ಷಕರ ಮುಂದ ನಿಲ್ಲಸ್ತಾರ. ಎಷ್ಟೋ ಕಡೆ ಕಡೀಗೆ ಅವನ್ನ ಹರಾಜು ಹಾಕ್ತಾರ. ಬಹುಮಾನ ಬಂದ್ರೂ ಕೂಸಿನ ಕಣ್ಣಾಗ ನೀರು ಬರೂದ ನೋಡ್ರಿ.

1940ರಾಗ ಲೀ ನ್ಯೂ ಮೆಕ್ಸಿಕೋದ ಪೈ ಟೌನ್‌ನಾಗ ಹೊಲ, ಊಟದ ಪಂಕ್ತಿ, ಅಡಿಗಿಮನಿ ಎಲ್ಲಾ ತೆಗೆದ. ಅವನ ಹೆಂಡತಿ ಜೀನ್ ಪತ್ರಕರ್ತೆ. ಜೋಡಿ ತಿರುಗಿ, ಯಾರು ಏನು ಮಾಡ್ಲಿಕ್ಕತ್ತಾರ ಅಂತ ಬರಕೊಂಡ್ಲು. ಆ ಬರಹ ಇರದಿದ್ರ ಅವು ಬರೇ ಚಿತ್ರ ಆಗ್ತಿದ್ವು. ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಾಗ ಇತಿಹಾಸ ಆಗಿ ಕುಂತಾವ.

ನಮ್ಮ ಆಲ್ಬಮ್ಮಿನಾಗ ಮದುವಿ, ಮುಂಜಿವಿ ಬಿಟ್ಟು ಏನದ? ಅವ್ವ ಹಾಲು ಹಿಂಡಿದ್ದು ಒಂದೂ ಇಲ್ಲ. ಅತ್ತಿ, ಮಗಳು ಕೆಲಸದಾಗ ಇದ್ದಾಗನ ಒಂದು ಫೋಟೋ ತೆಗೀರಿ. ತಾರೀಖು ಹಾಕ್ರಿ, ಆಕಳ ಹೆಸರೂ ಬರೀರಿ.