ಹೆಸರು ಯಾರ ಹೆಸರಲ್ಲಿದೆ?

ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ಕರಡನ್ನು ಓದುತ್ತಿದ್ದ ಮಾರ್ಗದರ್ಶಕರು ಒಂದು ಸಂಜೆ ಫೋನ್ ಮಾಡಿ, "ಏನಮ್ಮಾ ಇದು, ನಲವತ್ತೊಂದನೇ ಅಡಿಟಿಪ್ಪಣಿ ಒತ್ತಿದರೆ ರಮ್ಮಿ ಆಡೋಕೆ ಕರೀತಿದೆ?" ಎಂದರು. ತಮಾಷೆಯ ದನಿಯಲ್ಲೇ ಕೇಳಿದ್ದರು. ಆದರೆ ನನಗೆ ನಗು ಬರಲಿಲ್ಲ. ಆ ಕೊಂಡಿ ಮೂರು ವರ್ಷದ ಹಿಂದೆ ಕೆಲವು ಗೆಳೆಯರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಜಾಲತಾಣದ್ದು. ಎಲ್ಲೂ ಅಚ್ಚಾಗದ ಕೆಲವು ವೀರಗಲ್ಲು, ದಾನಶಾಸನಗಳ ಫೋಟೊ ಮತ್ತು ಪಾಠವನ್ನು ಅವರು ಅಲ್ಲಿ ಹಾಕಿದ್ದರು. ತಂಡ ಚದುರಿತು, ಹೆಸರಿನ ಬಾಕಿ ಕಟ್ಟಲು ಯಾರಿಗೂ ನೆನಪಾಗಲಿಲ್ಲ, ಹೆಸರು ಬೇರೆಯವರ ಪಾಲಾಯಿತು. ನಾನು ಉಲ್ಲೇಖಿಸಿದ್ದ ಕಲ್ಲು ಅಷ್ಟರಲ್ಲಿ ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರಿಹೋಗಿತ್ತು. ಕಲ್ಲೂ ಇಲ್ಲ, ಅದರ ವಿಳಾಸವೂ ಇಲ್ಲ. ಉಳಿದದ್ದು ನನ್ನ ಹಳೆಯ ಫೋನಿನಲ್ಲಿದ್ದ ನಾಲ್ಕು ಫೋಟೊ ಮಾತ್ರ.

ಶಾಸನ ಓದುವವರಿಗೆ ವಿಳಾಸದ ಬೆಲೆ ಗೊತ್ತಿರುತ್ತದೆ. ಬಿ.ಎಲ್. ರೈಸ್ 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ ತಂದಾಗಿನಿಂದ ನಾವು ಕಲ್ಲುಗಳನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದ ಕರೆಯುತ್ತ ಬಂದಿದ್ದೇವೆ. ಶಿಕಾರಿಪುರ 176 ಎಂದರೆ ತಾಳಗುಂದದ ಕಂಬ. ಕಲ್ಲು ಮ್ಯೂಸಿಯಮ್ಮಿಗೆ ಹೋಗಲಿ, ಗುಡಿಯ ಗೋಡೆಗೆ ಸೇರಲಿ, ಆ ಸಂಖ್ಯೆ ಹಿಡಿದು ಹೊರಟರೆ ಅದರ ಪಾಠ ಸಿಗುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬದಲಾದಾಗ ಹಳೆಯದು ಯಾವುದು, ಹೊಸದು ಯಾವುದು ಎಂದು ತಾಳೆ ನೋಡುವ ಕೆಲಸವೂ ನಮಗೆ ಗಂಟುಬಿತ್ತು. ಒಟ್ಟಿನಲ್ಲಿ, ಪಟ್ಟಿ ಇಡುವವರು ಒಬ್ಬರು ಇರಬೇಕು. ಅವರನ್ನು ಉಳಿದವರು ನಂಬಬೇಕು.

ಆ ಫೋಟೊಗಳನ್ನೂ ನಾನೇ ಸುತ್ತಾಡಿ ತೆಗೆದ ಇನ್ನಷ್ಟನ್ನೂ ನನ್ನದೇ ಜಾಗದಲ್ಲಿ ಇಡೋಣ ಎಂದುಕೊಂಡೆ. ಸಾಗರದ ನಮ್ಮ ಮನೆಯಲ್ಲಿ ಕೀಬೋರ್ಡಿನ ಅರ್ಧ ಕೀಲಿ ಹೋದ ಒಂದು ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಲಿನಕ್ಸ್ ಹಾಕಿ, ಟಿವಿ ಮೇಜಿನ ಕೆಳಗೆ ರೂಟರಿನ ಪಕ್ಕ ಇಟ್ಟೆ. ತಾಣ ಒಂದೇ ರಾತ್ರಿಯಲ್ಲಿ ತಯಾರಾಯಿತು. ಮನೆಯೊಳಗೆ ಎಲ್ಲ ಫೋನಿನಲ್ಲೂ ತೆರೆಯಿತು, ಹೊರಗೆ ಎಲ್ಲೂ ತೆರೆಯಲಿಲ್ಲ. ಹೊರಗಿನ ಲೋಕಕ್ಕೆ ಅದಕ್ಕೊಂದು ಹೆಸರು ಬೇಕಿತ್ತು. ಹೆಸರು ಕೊಳ್ಳಲು ಹತ್ತು ನಿಮಿಷ ಸಾಕಾಯಿತು. ನಾನು ಏನನ್ನು ಕೊಂಡೆ ಎಂದು ತಿಳಿಯಲು ಮಾತ್ರ ಎರಡು ತಿಂಗಳು ಹಿಡಿಯಿತು. ಇತಿಹಾಸ ಓದಿದವರ ಚಟ ಅದು, ಏನೇ ಕೆಟ್ಟರೂ ಅದು ಶುರುವಾದದ್ದು ಎಲ್ಲಿಂದ ಎಂದು ಕೆದಕುತ್ತ ಕೂರುವುದು.

ಶುರುವಾದದ್ದು ಒಂದು ಪಟ್ಟಿಯಿಂದ. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ 1969ರಲ್ಲಿ ಆರಂಭವಾದ ಅರ್ಪಾನೆಟ್‌ನಲ್ಲಿ ಕಂಪ್ಯೂಟರುಗಳಿಗೆ ಇದ್ದದ್ದು ಸಂಖ್ಯೆಗಳು. ಮನುಷ್ಯರಿಗೆ ಸಂಖ್ಯೆ ನೆನಪಿರುವುದಿಲ್ಲವಾದ್ದರಿಂದ ಪ್ರತಿಯೊಂದು ಕೇಂದ್ರದವರೂ ತಮಗೆ ತೋಚಿದ ಅಡ್ಡಹೆಸರು ಇಟ್ಟುಕೊಂಡಿದ್ದರು. ಒಂದೇ ಯಂತ್ರಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಇದನ್ನು ಸರಿಪಡಿಸೋಣವೆಂದು 1971ರಲ್ಲಿ ಪೆಗ್ಗಿ ಕಾರ್ಪ್ ಎಂಬಾಕೆ ಒಂದು ಪಟ್ಟಿ ಮಾಡಿ ಹಂಚಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಅಧಿಕೃತ ಪಟ್ಟಿಯ ಹೊಣೆ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯ ಮಾಹಿತಿ ಕೇಂದ್ರಕ್ಕೆ ಬಂತು. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್, ರಸಾಯನಶಾಸ್ತ್ರ ಓದಿ ಮಾಹಿತಿ ಜೋಡಿಸುವ ಕೆಲಸಕ್ಕೆ ಬಂದವರು. ಹೊಸ ಕಂಪ್ಯೂಟರ್ ಸೇರಿಸಬೇಕೆಂದರೆ ಅವರ ಕೇಂದ್ರಕ್ಕೆ ತಿಳಿಸಬೇಕು. ಅವರು ವಾರಕ್ಕೆ ಒಂದೆರಡು ಸಲ ಕಡತವನ್ನು ತಿದ್ದಿ ಇಡುತ್ತಿದ್ದರು, ಉಳಿದವರೆಲ್ಲ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಇಡೀ ಜಾಲದ ಎಲ್ಲ ಹೆಸರೂ ಒಂದೇ ಕಡತದಲ್ಲಿ! ಹಳ್ಳಿಯ ಶಾನುಭೋಗರ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಫೈನ್ಲರ್ ಅವರ ತಂಡದಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಇಂಟರ್ನೆಟ್ಟಿನ ಕತೆ ಹೇಳುವವರು ಆ ತಂಡವನ್ನು ಎರಡು ಸಾಲಿನಲ್ಲಿ ದಾಟಿ ಮುಂದೆ ಹೋಗುವುದನ್ನು ನೋಡಿದ್ದೇನೆ. ಪಟ್ಟಿ ಬರೆಯುವ ಕೆಲಸಕ್ಕೆ ಎಲ್ಲ ಕಾಲದಲ್ಲೂ ಅದೇ ಗತಿ ಕಾಣುತ್ತದೆ.

ಕಂಪ್ಯೂಟರುಗಳು ಹೆಚ್ಚಿದಂತೆ ಕಡತ ಉದ್ದವಾಯಿತು. ನಕಲು ಮಾಡಿಕೊಂಡು ಮುಗಿಸುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು. ಇದಕ್ಕೆ ಪರಿಹಾರವಾಗಿ ಐದು ಬಗೆಯ ಸಲಹೆಗಳು ಬಂದಿದ್ದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯೊಂದರಲ್ಲಿದ್ದ ಜಾನ್ ಪೋಸ್ಟೆಲ್ ಅವುಗಳ ನಡುವೆ ಒಂದು ರಾಜಿಸೂತ್ರ ಹುಡುಕಲು ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಹೇಳಿದರು. ಮೊಕಪೆಟ್ರಿಸ್ ಐದನ್ನೂ ಬದಿಗಿಟ್ಟು ಹೊಸದೊಂದನ್ನೇ ಕಟ್ಟಿ 1983ರ ನವೆಂಬರಿನಲ್ಲಿ ಪ್ರಕಟಿಸಿದರು. ನಾವು ಈಗಲೂ ಬಳಸುವ ಡೊಮೈನ್ ನೇಮ್ ವ್ಯವಸ್ಥೆ ಅದೇ. ಅದರ ತಿರುಳು ಇಷ್ಟು: ಎಲ್ಲವನ್ನೂ ಬಲ್ಲವರು ಎಲ್ಲೂ ಬೇಡ, ಮುಂದೆ ಯಾರನ್ನು ಕೇಳಬೇಕು ಎಂದು ಪ್ರತಿಯೊಬ್ಬರಿಗೂ ಗೊತ್ತಿದ್ದರೆ ಸಾಕು. ಅಪರಿಚಿತ ಊರಲ್ಲಿ ಬಸ್ಸಿಳಿದು ಮನೆ ಹುಡುಕುವ ಹಾಗೆ. ನಿಲ್ದಾಣದ ಅಂಗಡಿಯವರು ಕೇರಿ ತೋರಿಸುತ್ತಾರೆ, ಕೇರಿಯವರು ಮನೆ ತೋರಿಸುತ್ತಾರೆ. ನನ್ನ ತಾಣದ ಹೆಸರನ್ನು ನೀವು ಟೈಪ್ ಮಾಡಿದರೆ ಮೂಲದ ಸರ್ವರ್ 'ಡಾಟ್ ಇನ್' ನೋಡಿಕೊಳ್ಳುವವರನ್ನು ತೋರಿಸುತ್ತದೆ, ಅವರು ನನ್ನ ನೇಮ್‌ಸರ್ವರನ್ನು ತೋರಿಸುತ್ತಾರೆ, ಅದು ಟಿವಿ ಮೇಜಿನ ಕೆಳಗಿನ ಲ್ಯಾಪ್‌ಟಾಪಿನ ಸಂಖ್ಯೆ ಹೇಳುತ್ತದೆ. ಸಂಖ್ಯೆ ಬದಲಾಯಿತೋ, ಕೊನೆಯವರಿಗೆ ತಿಳಿಸಿದರಾಯಿತು. ಹೆಸರು ಹಾಗೇ ಇರುತ್ತದೆ.

ಕಾಮ್, ಎಜು, ಆರ್ಗ್ ಮುಂತಾದ ಬಾಲಗಳು 1984ರಲ್ಲಿ ನಿಶ್ಚಯವಾದವು. ದೇಶಗಳಿಗೆ ಎರಡಕ್ಷರದ ಗುರುತು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ಮೊದಲ ಡಾಟ್ ಕಾಮ್ ಪಡೆಯಿತು. ಆ ವರ್ಷವಿಡೀ ನೋಂದಾದ ಡಾಟ್ ಕಾಮ್‌ಗಳು ಆರೇ. ಆಗ ಹೆಸರಿಗೆ ದುಡ್ಡಿರಲಿಲ್ಲ, ಕೇಳಿದರೆ ಕೊಡುತ್ತಿದ್ದರು. ಅದನ್ನು ಪಡೆದವರ ಸ್ಥಾನವೇನು ಎಂಬುದನ್ನು ಪೋಸ್ಟೆಲ್ 1994ರಲ್ಲಿ ಒಂದು ಪತ್ರದಲ್ಲಿ ಬರೆದಿಟ್ಟಿದ್ದಾರೆ. ದೇಶದ ಹೆಸರನ್ನು ನೋಡಿಕೊಳ್ಳುವವರು ಅದರ ಒಡೆಯರಲ್ಲ, ಸಮುದಾಯದ ಪರವಾಗಿ ಇಟ್ಟುಕೊಂಡವರು. ಹಕ್ಕಿನ ಮಾತು ಬಿಟ್ಟು ಹೊಣೆಯ ಬಗ್ಗೆ, ಸೇವೆಯ ಬಗ್ಗೆ ಯೋಚಿಸಬೇಕು ಎಂಬುದು ಅದರ ಸಾರಾಂಶ. ಯಾವುದು ದೇಶ, ಯಾವುದಲ್ಲ ಎಂಬ ಜಗಳಕ್ಕೂ ಅವರು ಹೋಗಲಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಪತ್ರವನ್ನು ನಾನು ಎರಡು ಸಲ ಓದಿದೆ. ದೇವಸ್ಥಾನದ ಭೂಮಿ ನೋಡಿಕೊಳ್ಳುವ ಸ್ಥಾನಿಕರಿಗೆ ಹೇಳುವ ಮಾತಿನಂತಿದೆ.

ಪತ್ರ ಬಂದ ಮರುವರ್ಷ, 1995ರ ಸೆಪ್ಟೆಂಬರಿನಲ್ಲಿ, ಹೆಸರಿಗೆ ಎರಡು ವರ್ಷಕ್ಕೆ ನೂರು ಡಾಲರ್ ಎಂದು ದರ ಬಿತ್ತು. ನೋಂದಣಿಯ ಗುತ್ತಿಗೆ ಹಿಡಿದಿದ್ದ ಕಂಪನಿಗೆ ಅಲ್ಲಿಯವರೆಗೆ ಅಮೆರಿಕದ ವಿಜ್ಞಾನ ಪ್ರತಿಷ್ಠಾನವೇ ಹಣ ಕೊಡುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಕತೆಯ ತಿರುವು ಇಲ್ಲಿದೆ. ಹೊಣೆ ಎಂಬುದು ಬಾಡಿಗೆಯಾಗಿದ್ದು ಇಲ್ಲಿ. ಬಾಡಿಗೆ ಕಟ್ಟುವವರೆಗೆ ಹೆಸರು ನಿಮ್ಮದು, ತಪ್ಪಿದರೆ ಯಾರದ್ದೂ ಆಗಬಹುದು. 1998ರ ಸೆಪ್ಟೆಂಬರಿನಲ್ಲಿ ಐಕ್ಯಾನ್ ಹುಟ್ಟಿತು, ಅಕ್ಟೋಬರ್ 16ರಂದು ಪೋಸ್ಟೆಲ್ ತೀರಿಕೊಂಡರು. ಸಿಂಬಾಲಿಕ್ಸ್ ಕೂಡ ತನ್ನ ಹೆಸರನ್ನು 2009ರಲ್ಲಿ ಮಾರಿತು. ಮೊದಲ ಡಾಟ್ ಕಾಮ್ ಇವತ್ತು ಅದನ್ನು ಪಡೆದವರ ಕೈಯಲ್ಲಿಲ್ಲ.

ನಮ್ಮ 'ಡಾಟ್ ಇನ್' 1989ರಲ್ಲಿ ಬಂತು. ಆ ಹೊತ್ತಿಗೆ ಎಂಟು ಸಂಸ್ಥೆಗಳನ್ನು ಜೋಡಿಸಿದ ಅರ್ನೆಟ್ ಎಂಬ ಜಾಲ ದೇಶದಲ್ಲಿತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರಲ್ಲೊಂದು. ಹೆಸರಿನ ಪುಸ್ತಕ ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದಲ್ಲಿತ್ತು. ನಿಯಮ ಬಿಗಿ, 2004ರ ಕೊನೆಯವರೆಗೂ ನೋಂದಾದವು ಸುಮಾರು 7000 ಹೆಸರುಗಳು ಮಾತ್ರ. 2005ರಲ್ಲಿ ನಿಕ್ಸಿ ಎಂಬ ಸಂಸ್ಥೆ ಅದನ್ನು ವಹಿಸಿಕೊಂಡು ಎಲ್ಲರಿಗೂ ತೆರೆಯಿತು. ನನ್ನಂಥವಳು ಸಾಗರದಲ್ಲಿ ಕೂತು ಹೆಸರು ಕೊಳ್ಳಲು ಸಾಧ್ಯವಾದದ್ದು ಆ ಸಡಿಲಿಕೆಯಿಂದ. ಬಾಡಿಗೆಯನ್ನು ಬೈಯುವಾಗ ಇದನ್ನೂ ಹೇಳಬೇಕು.

ಹೆಸರನ್ನು ಕನ್ನಡದಲ್ಲೇ ಇಡುವ ಆಸೆ ನನಗಿತ್ತು. 'ಡಾಟ್ ಭಾರತ' ಕನ್ನಡ ಲಿಪಿಯಲ್ಲಿ ಈಗ ಇದೆ. ತೆಲುಗು, ತಮಿಳು ಸೇರಿ ಏಳು ಲಿಪಿಗಳಿಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದರಲ್ಲಿ ಕನ್ನಡ ಇರಲಿಲ್ಲ. ನಮ್ಮದು ಆಮೇಲಿನ ಪಂಕ್ತಿಯಲ್ಲಿ ಬಂತು. ಆದರೆ ಈ ವ್ಯವಸ್ಥೆಯ ಒಳಗಡೆ ಸಾಗುವುದು ಇಂಗ್ಲಿಷಿನ 26 ಅಕ್ಷರ, ಅಂಕಿಗಳು ಮತ್ತು ಒಂದು ಅಡ್ಡಗೆರೆ ಮಾತ್ರ. ಉಳಿದ ಲಿಪಿಗಳನ್ನು ಪ್ಯೂನಿಕೋಡ್ ಎಂಬ ಲೆಕ್ಕದಿಂದ ಇವುಗಳಿಗೆ ಇಳಿಸುತ್ತಾರೆ. ಕನ್ನಡದ 'ಭಾರತ' ಅಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ ಎಂದಾಗುತ್ತದೆ. ಅಡಿಟಿಪ್ಪಣಿಗೆ ನಕಲು ಮಾಡಿದಾಗ ನನ್ನ ಚೆಂದದ ಕನ್ನಡ ಹೆಸರು ಇದೇ ವೇಷದಲ್ಲಿ ಬಂದು ಕೂತಿತು. ಕನ್ನಡದ ಗ, ತೆಲುಗಿನ ಗ ನೋಡಲು ಒಂದೇ ಥರ ಇರುವುದರಿಂದ ಒಂದರ ಬದಲು ಇನ್ನೊಂದು ಬಳಸಿ ಮೋಸ ಮಾಡದಂತೆ ಇಂಥ ಜೋಡಿಗಳನ್ನು ಐಕ್ಯಾನ್‌ಗಾಗಿ ಪಟ್ಟಿ ಮಾಡಿದವರಿದ್ದಾರೆ. ಹಳಗನ್ನಡ ಶಾಸನ ಓದುವವರಿಗೆ ಆ ಪಟ್ಟಿ ನೋಡಿದರೆ ಖುಷಿಯಾಗುತ್ತದೆ, ಎರಡು ಲಿಪಿಗಳು ಕವಲೊಡೆದ ಜಾಗವೇ ಅದು. ಕೊನೆಗೆ ಅಚ್ಚಿನ ಪ್ರತಿಗೆಂದು 'ಡಾಟ್ ಇನ್' ಹೆಸರನ್ನೂ ನನ್ನ ಸಮಾಧಾನಕ್ಕೆ ಕನ್ನಡದ್ದನ್ನೂ ಇಟ್ಟುಕೊಂಡೆ.

ಇಷ್ಟಾದರೂ ತಾಣ ತೆರೆಯಲಿಲ್ಲ. ರೂಟರಿನ ಪುಟ ತೆಗೆದು ನೋಡಿದರೆ ನಮ್ಮ ಹೊರಗಿನ ಸಂಖ್ಯೆ 100.70 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ಸಂಖ್ಯೆಗಳು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಮೀಸಲು. ಹಳೆಯ ಬಗೆಯ ಸಂಖ್ಯೆಗಳು ಏಷ್ಯಾದ ಪಾಲಿಗೆ 2011ರ ಏಪ್ರಿಲಿನಲ್ಲೇ ಬಹುತೇಕ ಮುಗಿದಿದ್ದರಿಂದ ಕಂಪನಿಗಳು ಒಂದೇ ಸಂಖ್ಯೆಯ ಹಿಂದೆ ನೂರಾರು ಮನೆಗಳನ್ನು ಕೂಡಿಹಾಕುತ್ತವೆ. ಅಂದರೆ ನನ್ನ ಹೆಸರು ತೋರಿಸಲು ನನ್ನದೆಂಬ ಮನೆಯೇ ಇರಲಿಲ್ಲ, ಇದ್ದದ್ದು ವಠಾರದ ಬಾಗಿಲು. ಹೊಸ ಬಗೆಯ, ಅಂದರೆ ಆರನೆಯ ಆವೃತ್ತಿಯ ಸಂಖ್ಯೆ ಬಳಸಿದೆ. ಫೋನಿನಲ್ಲಿ ತೆರೆಯಿತು! ಮಾರ್ಗದರ್ಶಕರ ಕಾಲೇಜಿನ ಜಾಲಕ್ಕೆ ಆ ಬಗೆ ಗೊತ್ತಿರಲಿಲ್ಲ, ಅವರಿಗೆ ಕಾಣಲಿಲ್ಲ. "ನಿನ್ನ ಕಲ್ಲು ಇನ್ನೂ ಮಣ್ಣಲ್ಲೇ ಇದೆಯಲ್ಲಮ್ಮಾ" ಎಂದರು. ತಿಂಗಳಿಗೆ ಇಷ್ಟು ಎಂದು ಹೆಚ್ಚು ಕಟ್ಟಿ ಸ್ಥಿರ ಸಂಖ್ಯೆಯೊಂದನ್ನು ಪಡೆದ ಮೇಲೆ ಅವರ ಕೋಣೆಯಲ್ಲೂ ಕಲ್ಲು ಎದ್ದಿತು.

ನಾವು ಓದುವ ದಾನಶಾಸನಗಳು ಆಚಂದ್ರಾರ್ಕ ಎನ್ನುತ್ತವೆ, ಸೂರ್ಯಚಂದ್ರರಿರುವವರೆಗೆ. ಡೊಮೈನ್ ಹೆಸರಿಗೆ ಒಮ್ಮೆಗೆ ಸಿಗುವ ಗರಿಷ್ಠ ಅವಧಿ ಹತ್ತು ವರ್ಷ. ನನ್ನ ವಿದ್ಯಾರ್ಥಿವೇತನದಲ್ಲಿ ಐದು ವರ್ಷಕ್ಕೆ ಕಟ್ಟಿದ್ದೇನೆ. ತಾಣದ ಪ್ರತಿಯೊಂದನ್ನು ವಿಭಾಗದ ಗ್ರಂಥಾಲಯಕ್ಕೂ ಕೊಟ್ಟಿದ್ದೇನೆ. ಅಡಿಟಿಪ್ಪಣಿಯಲ್ಲಿ ಕೊಂಡಿಯ ಜೊತೆಗೆ ಊರು, ಸರ್ವೆ ನಂಬರು, ಫೋಟೊ ತೆಗೆದ ದಿನ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ, ನಾನು ಮೈಸೂರಿನಲ್ಲಿರುವಾಗ ಕರೆಂಟು ಹೋಗಿ ಬಂದರೆ ಲ್ಯಾಪ್‌ಟಾಪನ್ನು ಆನ್ ಮಾಡಬೇಕಾದವರು ಅವರೇ. ಎಲ್ಲ ಕೇಳಿ, "ಹೆಸರು ಯಾರ ಹೆಸರಲ್ಲಿದೆ?" ಎಂದರು. ನನ್ನ ಹೆಸರಲ್ಲಿ ಎಂದೆ. "ನಿನಗೆ ಮರೆತುಹೋದರೆ?" ಎಂದು ಕಪಾಟಿನಿಂದ ಪಹಣಿ, ಮನೆ ಕಂದಾಯದ ರಸೀದಿ ಇಡುವ ಫೈಲು ತಂದರು. ನೋಂದಣಿಯ ವಿವರ, ಪಾಸ್‌ವರ್ಡು, ಬಾಕಿ ಕಟ್ಟಬೇಕಾದ ತಾರೀಖು ಬರೆದ ಹಾಳೆಯನ್ನು ಅದರಲ್ಲಿ ಸೇರಿಸಿದೆವು. ಹಾಳೆಯ ತಲೆಗೆ ಏನು ಬರೆಯಲಿ ಎಂದು ಕೇಳಿದರು. "ಜಾಲತಾಣ" ಎಂದೆ. ಅವರು ತಾಣ ಎಂದಷ್ಟೇ ಬರೆದು, ಪಕ್ಕದಲ್ಲಿ ಆವರಣ ಹಾಕಿ 'ಟಿವಿ ಕೆಳಗೆ' ಎಂದು ಸೇರಿಸಿದರು.